ಮುನವ್ವರಾ ಆಪಾ ಮತ್ತು ಅವರ ನವಿಲಾಟ

ಸಾವಿರದ ಒಂಬೈನೂರ ಎಂಬತ್ತೈದರ ಜೂನ್ ತಿಂಗಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕು ನಾನು ಸವಣೂರಿಗೆ ಬಂದು ಇನ್ನೂ ವಾರವಾಗಿರಲಿಲ್ಲ. ಹಿರೇಕೆರೂರು ತಾಲೂಕಿನ ನಮ್ಮ ಹಳ್ಳಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಪ್ಪ ಕೊಟ್ಟ ಟ್ರಾನ್ಸಿಸ್ಟರ್ ಇಷ್ಟು ತಂದಿದ್ದೆ. ಬಸ್ಸಿನಿಂದ ಸಾಮಾನು ಇಳಿಸುವಾಗ ಟ್ರಾನ್ಸಿಸ್ಟರ್ ಕೈಜಾರಿ ಬಿದ್ದು ಅದರ ಬಾಯಿ ಕಟ್ಟಿಹೋಗಿತ್ತು. ಮನೆಯ ಮಾಲಕರನ್ನು ಕೇಳಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಲಂದರನ ರೇಡಿಯೋ ಅಂಗಡಿ ಇದೆ, ಅಲ್ಲಿಗೆ ಹೋಗಿರಿ ಎಂದರು.

ಸಣ್ಣ ಮಳೆ ಬೀಳುತ್ತಿತ್ತು. ಅಂಗಡಿಗೆ ಎರಡು ಕಲ್ಲಿನ ಮೆಟ್ಟಿಲು, ಬಾಗಿಲಲ್ಲಿ ಕಾಲೊರೆಸಲು ಹಾಸಿದ ಗೋಣಿಚೀಲ. ಒಳಗೆ ಕಾಸಿದ ಬೆಸುಗೆಯ ವಾಸನೆಗೆ ಪಕ್ಕದ ಅಂಗಡಿಯಲ್ಲಿ ಖಾರ ಕರಿಯುತ್ತಿದ್ದ ಎಣ್ಣೆಯ ವಾಸನೆ ಬೆರೆತಿತ್ತು. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿದ ರೇಡಿಯೋಗಳು. ಕೌಂಟರಿನ ಹಿಂದೆ, ಬಾಗಿಲ ಬೆಳಕು ಬೀಳುವಲ್ಲಿ ಗಿಡ್ಡ ಮಣೆಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ತಲೆಯ ಮೇಲೆ ಹಸಿರು ಸೆರಗು, ಮೂಗಿನ ತುದಿಗೆ ಇಳಿದ ಕನ್ನಡಕ, ತೊಡೆಯ ಮೇಲೆ ಇಳಕಲ್ ಸೀರೆ. ಸೂಜಿಯ ತುದಿಯಿಂದ ಬಟ್ಟೆಯ ಎಳೆಗಳನ್ನು ಎಣಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ನಾನು ಮಾತಾಡಲು ಹೋದಾಗ ಸೂಜಿ ಹಿಡಿದ ಕೈಯನ್ನು ಹಾಗೆಯೇ ಮೇಲೆತ್ತಿ ತಡೆದರು. ಎಣಿಕೆ ಮುಗಿದು ಒಂದು ಹೊಲಿಗೆ ಬಿದ್ದ ಮೇಲೆಯೇ ಮುಖ ಎತ್ತಿದರು.

“ತಪ್ಪು ತಿಳೀಬ್ಯಾಡ್ರಿ. ಎಣಸೂ ಮುಂದ ಮಾತಾಡಿದ್ರ ಎಲ್ಲಾ ಬಿಚ್ಚಬೇಕಾಗ್ತೈತಿ. ಹೇಳ್ರಿ.”

ಟ್ರಾನ್ಸಿಸ್ಟರ್ ತೋರಿಸಿದೆ.

“ತಮ್ಮ ಯಲವಗಿ ಟೇಶನ್ನಿಗೆ ಪಾರ್ಸಲ್ ಬಿಡಿಸ್ಕೊಳ್ಳಾಕ ಹೋಗ್ಯಾನ್ರಿ. ಕೊಡ್ರಿ ಇಲ್ಲೆ, ನಾನ ನೋಡ್ತೇನಿ.” ಸೀರೆಯನ್ನು ಮಡಚಿ ಬದಿಗಿಟ್ಟು, ಸ್ಕ್ರೂ ಬಿಚ್ಚಿ, ಹರಿದ ತಂತಿಯೊಂದನ್ನು ಬೆಸೆದರು. ಧಾರವಾಡದ ಕೃಷಿರಂಗ ಮಾತಾಡತೊಡಗಿತು. “ಹೊಸಾ ಅಕ್ಕೋರೇನ್ರಿ?” ಎಂದು ಕೇಳಿದರು.

“ಹೆಂಗ ಗೊತ್ತಾತ್ರಿ?”

“ಸೆರಗಿಗೆ ಖಡು ಹತ್ತೈತಲ್ರಿ.” ನೋಡಿಕೊಂಡೆ. ಸೀಮೆಸುಣ್ಣದ ಪುಡಿ ಸೆರಗಿನ ತುಂಬ ಇತ್ತು.

ಆಗಲೇ ಮೂಲೆಯ ಟಿ.ವಿ. ಕಣ್ಣಿಗೆ ಬಿತ್ತು. ಕಪ್ಪು ಪರದೆಯ ನಡುವೆ ಬಿಳಿ ಚೌಕಗಳಿಂದಾದ ಒಂದು ನವಿಲು ಅಲ್ಲಾಡದೆ ನಿಂತಿತ್ತು. “ಇದೂ ಕೆಟ್ಟು ಬಂದೈತೇನ್ರಿ?” ಎಂದೆ.

“ಇಲ್ರಿ. ಅದನ್ನ ನಾ ಮಾಡಾಕತ್ತೇನಿ,” ಎಂದು ಅವರು ತೊಡೆಯ ಮೇಲಿನ ಸೀರೆಯ ಸೆರಗನ್ನು ಬಿಡಿಸಿ ಹಿಡಿದರು. ಅಲ್ಲಿಯೂ ಅದೇ ನವಿಲಿತ್ತು, ಅದೇ ಕೊಕ್ಕು, ಅದೇ ಮೂರು ಗರಿಯ ಜುಟ್ಟು.

ಅವರೇ ಮುನವ್ವರಾ. ಆಗ ಅವರಿಗೆ ಮೂವತ್ತೈದರ ಆಸುಪಾಸು. ಶಿಗ್ಗಾವಿಗೆ ಕೊಟ್ಟಿದ್ದರು. ಲಾರಿ ಓಡಿಸುತ್ತಿದ್ದ ಗಂಡ ಅಪಘಾತದಲ್ಲಿ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವರು ತವರಿಗೆ ಹಿಂದಿರುಗಿ ತಮ್ಮ ಖಲಂದರನ ಜೊತೆ ಇದ್ದರು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದರು. ಇಡೀ ಓಣಿ ಅವರನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದು ಕರೆಯುತ್ತಿತ್ತು, ನಾನೂ ಹಾಗೆಯೇ ಕರೆದೆ.

ಯಂತ್ರ ಬಂದದ್ದು ದುಬೈಯಿಂದ. ಅವರ ಚಿಕ್ಕಪ್ಪನ ಮಗ ತನ್ನ ಮಗನಿಗೆಂದು ತಂದಿದ್ದ ಮನೆಬಳಕೆಯ ಕಂಪ್ಯೂಟರ್ ಊರಿನ ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಗಿತ್ತು. ಖಲಂದರ ಅದನ್ನು ಸರಿಪಡಿಸಿದ. ಅಷ್ಟರಲ್ಲಿ ಹುಡುಗನಿಗೆ ಅದು ಬೇಸರವಾಗಿತ್ತು, ಅಂಗಡಿಯಲ್ಲೇ ಉಳಿಯಿತು. ಎರಡು ಅಂಗೈ ಜೋಡಿಸಿದಷ್ಟು ಅಗಲದ ಕಪ್ಪು ಪೆಟ್ಟಿಗೆ, ಮೇಲೆ ಬೂದು ಬಣ್ಣದ ರಬ್ಬರಿನ ಗುಂಡಿಗಳು. ಟಿ.ವಿ.ಗೂ ಟೇಪ್ ರೆಕಾರ್ಡರಿಗೂ ಜೋಡಿಸಬೇಕು. ಬರೆದದ್ದೆಲ್ಲ ಹಾಡಿನ ಕ್ಯಾಸೆಟ್ಟಿನಲ್ಲಿ ಕೀರಲು ದನಿಯಾಗಿ ಉಳಿಯುತ್ತದೆ. ಬಿ.ಎಸ್ಸಿ. ಪದವೀಧರೆಯಾದ ನಾನು ಕಂಪ್ಯೂಟರನ್ನು ಅದುವರೆಗೆ ಪುಸ್ತಕದಲ್ಲಿ ಮಾತ್ರ ಕಂಡಿದ್ದೆ.

ಅದರ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಚಿತ್ರವಿತ್ತು: ಎಂಟು ಮನೆ ಅಡ್ಡ, ಎಂಟು ಮನೆ ಉದ್ದದ ಚೌಕ, ಅದರೊಳಗೆ ಕೆಲವು ಮನೆ ತುಂಬಿ, ಕೆಲವು ಬಿಟ್ಟು ಮಾಡಿದ ಗೊಂಬೆ. ಆಪಾ ಅದನ್ನು ಕಂಡದ್ದೇ ತಡ, ಇದು ಕಸೂತಿ ಎಂದು ತಿಳಿದುಬಿಟ್ಟರು. ಉಳಿದದ್ದನ್ನು ಓದಲು ಇಂಗ್ಲಿಷ್ ಬೇಕಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಹೋಗಿ ಓದಿ ಅರ್ಥ ಹೇಳುವುದು, ಅವರು ಗುಂಡಿ ಒತ್ತುವುದು, ಇಬ್ಬರೂ ಸೇರಿ ತಪ್ಪು ಹುಡುಕುವುದು ರೂಢಿಯಾಯಿತು. ನನ್ನ ಅರ್ಥ ಎಷ್ಟೋ ಸಲ ತಪ್ಪಿರುತ್ತಿತ್ತು, ಅವರ ಊಹೆಯೂ ತಪ್ಪಿರುತ್ತಿತ್ತು. ಕರೆಂಟು ಹೋದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. “ಎಳೀ ಹರೀತು,” ಎಂದು ಆಪಾ ನಕ್ಕು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ಸೂಜಿ ಹೋಗುವಾಗ ಒಂದು ಮನೆ ಹೊಲಿದು ಒಂದು ಮನೆ ಬಿಡುತ್ತ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗುತ್ತ, ಬಿಟ್ಟ ಮನೆಗಳನ್ನು ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಹೊರಟ ಜಾಗಕ್ಕೇ ಬಂದು ಸೇರಬೇಕು. ಆಗ ಬಟ್ಟೆಯ ಮೇಲೂ ಕೆಳಗೂ ಒಂದೇ ಚಿತ್ರ ಮೂಡುತ್ತದೆ. ಆಪಾ ಮಾಡಿದ ಆಟ ಇದೇ. ನಮ್ಮ ಕಡೆ ನವಿಲುಗಳಿಗೆ ಹೆಸರಾದ ಬಂಕಾಪುರದ ಹಾಳು ಕೋಟೆಯೊಳಗೆ ನವಿಲು ಗೂಡಿನಿಂದ ಹೊರಡುತ್ತದೆ. ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಗರಿ ಉದುರಿಸುತ್ತ ಆಚೆ ತುದಿಯ ಕಾಳಿನವರೆಗೆ ಹೋಗುತ್ತದೆ. ಹೋಗುವಾಗ ಯಾವ ಭಯವೂ ಇಲ್ಲ, ಬೇಕಾದಂತೆ ಸುತ್ತಾಡಬಹುದು. ಕಾಳು ತಿಂದ ಕೂಡಲೆ ಕಾಡುಬೆಕ್ಕು ಏಳುತ್ತದೆ. ಈಗ ಅದೇ ದಾರಿಯಲ್ಲಿ ಬಿಟ್ಟ ಮನೆಗಳನ್ನು ತುಂಬುತ್ತ ಗೂಡಿಗೆ ಬರಬೇಕು. ಹೋಗುವಾಗ ಮೋಜಿಗೆ ಸುತ್ತಿದವರು ಬರುವಾಗ ಸಿಕ್ಕಿಬೀಳುತ್ತಾರೆ.

ಎಂಬತ್ತಾರರ ಬೇಸಿಗೆಯ ಹೊತ್ತಿಗೆ ಅಂಗಡಿಯ ಮುಂದೆ ಗುಂಪು ಸೇರತೊಡಗಿತು. ಎಲೆ ತೋಟದ ಗುದ್ಲೆಪ್ಪ ವೀಳ್ಯದೆಲೆಯ ಪೆಂಡಿಯನ್ನು ಮೆಟ್ಟಿಲ ಮೇಲಿಟ್ಟು ಆಡಲು ಕೂತರೆ ಏಳುತ್ತಲೇ ಇರಲಿಲ್ಲ.

“ಈ ನವಲಿಗೆ ನನ್ನ ಹೇಣ್ತಿ ಬುದ್ಧಿ ಐತಿ ನೋಡ್ರಿ ಅಕ್ಕೋರ. ಹೋಗಾಕ ಬಿಟ್ರ ಊರೆಲ್ಲಾ ತಿರಗತೈತಿ, ಮನಿಗೆ ಬಾ ಅಂದ್ರ ದಾರಿ ಸಿಗೂದಿಲ್ಲ.”

ಆಪಾ ತಲೆ ಎತ್ತದೆ ಹೇಳಿದರು: “ಗುಂಡಿ ಒತ್ತಾಕತ್ತಾಂವ ನೀನ. ನವಲಿಗ್ಯಾಕ ಬೈತಿ, ಹೇಣ್ತಿಗ್ಯಾಕ ಬೈತಿ?”

ಇಂಥ ಯಂತ್ರವಿದ್ದವರು ಹುಬ್ಬಳ್ಳಿ, ಧಾರವಾಡಗಳಲ್ಲಿ ಕೆಲವರಿದ್ದರು. ಬಿಡಿಭಾಗ ತರಲು ಹೋಗುವ ಖಲಂದರನ ಕೈಯಲ್ಲಿ ಅವರಿಗೆ ಕ್ಯಾಸೆಟ್ ಹೋಗತೊಡಗಿತು. ಬಂದ ಹಣ ಹೊಸ ಕ್ಯಾಸೆಟ್ಟಿಗೆ ಸರಿಯಾಗುತ್ತಿತ್ತು. ಆಪಾ ಎರಡನೆಯ ಆಟಕ್ಕೆ ಕೈಹಾಕಿದ್ದರು. ಅವರಿಗೆ ಬೇಕಾದದ್ದು ದೊಡ್ಡದೇನಲ್ಲ: ಹೊಲಿಗೆ ಮುಗಿದ ಮೇಲೆ ಯಂತ್ರದ ಮುಂದೆ ಕೂತು ಆಟ ಮಾಡುತ್ತಿರಬೇಕು, ಮಾಡಿದ್ದು ತಮ್ಮ ಕೈಯಿಂದ ಆಡುವವರ ಕೈಗೆ ಹೋಗಬೇಕು.

ಈಗ ಕೃಷ್ಣಾಬಾಯಿಯವರ ಮಾತು. ಮಠದ ಹತ್ತಿರದ ಓಣಿಯವರು, ಪಂಡಿತರ ಮನೆತನ. ಆಪಾನಿಗೆ ಕಸೂತಿ ಕಲಿಸಿದವರು ಅವರೇ. ಇಬ್ಬರ ನಡುವೆ ಒಂದು ನಮೂನೆ ಬಟ್ಟೆ ಓಡಾಡುತ್ತಿತ್ತು. ನಮ್ಮ ಕಡೆ ಕಸೂತಿ ಹಾಕುವ ಹೆಂಗಸರು ನಮೂನೆಯನ್ನು ಮಾರುವುದಿಲ್ಲ. ಬೇಕಾದವರು ಬಟ್ಟೆ ಒಯ್ದು ನೋಡಿ ಹೊಲಿದುಕೊಂಡು ಹಿಂದೆ ಕೊಡುತ್ತಾರೆ. ಆದರೆ ಖಾಲಿ ಕೊಡುವಂತಿಲ್ಲ. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ತಿರುಗಿಸಬಾರದು ಎನ್ನುತ್ತೇವಲ್ಲ, ಹಾಗೆ. ಒಯ್ದವರು ತಮಗೆ ಗೊತ್ತಿರುವ ಒಂದು ಚಿತ್ರವನ್ನು ಬಟ್ಟೆಯ ಖಾಲಿ ಜಾಗದಲ್ಲಿ ಹೊಲಿದು ಕೊಡಬೇಕು. ಯಾರೂ ಹೆಸರು ಹಾಕುವುದಿಲ್ಲ, ಯಾರದು ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಆಪಾ ಆಟದ ಮೇಲೂ ಹೆಸರು ಹಾಕಿರಲಿಲ್ಲ. ಹಾಕೋಣ ಎಂದಾಗ ನಕ್ಕುಬಿಟ್ಟಿದ್ದರು: “ಸೀರಿ ಮ್ಯಾಲೆ ಯಾರರ ಹೆಸರ ಬರ್ಕೊಂತಾರೇನ್ರಿ, ಅಸಂಯ್ಯ ಕಾಣತೈತಿ.”

ಆ ವರ್ಷ ಶ್ರಾವಣದಲ್ಲಿ ಕೃಷ್ಣಾಬಾಯಿಯವರ ಮಗ ಪ್ರಾಣೇಶ ಆರಾಧನೆಗೆಂದು ಊರಿಗೆ ಬಂದ. ಬೊಂಬಾಯಿಯಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಇಂಜಿನಿಯರು. ಟಿ.ವಿ.ಗೆ ಜೋಡಿಸುವ ಆಟಗಳನ್ನೂ ಆಟದ ಕ್ಯಾಸೆಟ್ಟುಗಳನ್ನೂ ಆ ಕಂಪನಿ ಮಾರುತ್ತಿತ್ತು. ನಮೂನೆ ಬಟ್ಟೆ ಕೊಡಲು ತಾಯಿ ಬಂದಾಗ ಜೊತೆಗೆ ಬಂದ. ನವಿಲನ್ನು ಆಡಿದ. ಎರಡು ಸಲ ಬೆಕ್ಕಿಗೆ ಸಿಕ್ಕಿದ, ಮೂರನೆಯ ಸಲ ಗೂಡು ಮುಟ್ಟಿದ.

“ಆಪಾ, ಭಾಳ ಛಲೋ ಅದ. ನಮ್ಮ ಕಂಪನಿಯವರಿಗೆ ತೋರಸ್ತೀನಿ, ಒಂದು ಕ್ಯಾಸೆಟ್ ಕೊಡ್ರಿ. ನೋಡಿ ಕೊಡ್ತಾರ.”

“ಏನಾರ ಬರಸ್ಕೊಂಡು ಕೊಡ್ರಿ ಆಪಾ,” ಎಂದೆ ನಾನು.

ಪ್ರಾಣೇಶ ತಾಯಿಯ ಕಡೆ ನೋಡಿ ನಕ್ಕ. “ಅಕ್ಕಾವರಿಗೆ ನಮ್ಮ ಮ್ಯಾಲೆ ನಂಬಿಕಿ ಇಲ್ಲ.”

ಆಪಾನಿಗೇ ನಾಚಿಕೆಯಾಯಿತು. “ಬಾಯಾರ ಮಗಾ ಅದಾರ್ರಿ ಅಕ್ಕೋರ. ನಮೂನಿ ಒಯ್ದವರು ಬರೇ ಕೈಲೆ ಬರಂಗಿಲ್ಲ.” ಕ್ಯಾಸೆಟ್ಟನ್ನೂ ಕೊಟ್ಟರು, ಒಳಗಿನ ಬರಹ ಯಾವುದು ಯಾವುದಕ್ಕೆ ಎಂದು ಪಕ್ಕದಲ್ಲಿ ಕೂಡಿಸಿಕೊಂಡು ವಿವರಿಸಿಯೂ ಹೇಳಿದರು. ನವಿಲು ಹೊರಳುವಾಗ ಚಿತ್ರ ಸ್ವಲ್ಪ ತಡವರಿಸುತ್ತಿತ್ತು, ಅದನ್ನು ಸರಿಮಾಡುವುದು ಅವರಿಗೆ ಸಾಧ್ಯವಾಗಿರಲಿಲ್ಲ. ಬೊಂಬಾಯಿಯ ದೊಡ್ಡ ಮಂದಿ ಅದನ್ನು ಸರಿಪಡಿಸಿ ಕಳಿಸುತ್ತಾರೆ, ಅದೇ ಅವರ ಕಡೆಯ ಒಂದು ಹೊಲಿಗೆ ಎಂದುಕೊಂಡಿದ್ದರು. ದೀಪಾವಳಿ ಕಳೆಯುವವರೆಗೂ ಅಂಚೆಯವನನ್ನು ಕೇಳುತ್ತಿದ್ದರು.

ಅಂಚೆಯಲ್ಲಿ ಏನೂ ಬರಲಿಲ್ಲ. ಡಿಸೆಂಬರಿನಲ್ಲಿ ಖಲಂದರ ಹುಬ್ಬಳ್ಳಿಯಿಂದ ಒಂದು ಬಣ್ಣದ ಡಬ್ಬಿ ತಂದು ಕೌಂಟರಿನ ಮೇಲೆ ಕುಕ್ಕಿದ. ಮುಚ್ಚಳದ ಮೇಲೆ ನವಿಲುಗರಿ ಸುತ್ತಿಕೊಂಡ, ಮೈತುಂಬ ಬಟ್ಟೆ ಇಲ್ಲದ ಬಿಳಿ ಹೆಂಗಸಿನ ಚಿತ್ರ. ಆಟದ ಹೆಸರು ಇಂಗ್ಲಿಷಿನಲ್ಲಿ. ಹಿಂಬದಿಗೆ ಕಂಪನಿಯ ಹೆಸರು, ಅದರ ಕೆಳಗೆ ‘ರಚನೆ: ಪ್ರಾಣೇಶ’.

ಯಂತ್ರಕ್ಕೆ ಹಾಕಿದೆವು. ಅದೇ ಕೋಟೆ, ಅದೇ ನವಿಲು, ಅದೇ ಮೂರು ಗರಿಯ ಜುಟ್ಟು. ಹೊರಳುವಾಗಿನ ತಡವರಿಕೆಯೂ ಹಾಗೆಯೇ ಇತ್ತು; ಅದನ್ನು ಸರಿಪಡಿಸುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಆಪಾ ಆಡಿದರು. ನವಿಲು ಗರಿ ಉದುರಿಸುತ್ತ ಹೋಗಿ ಕಾಳು ಮುಟ್ಟಿತು. ಪರದೆಯ ಮೇಲೆ ನಾಣ್ಯಗಳ ಮಳೆ ಸುರಿಯಿತು, ‘ಗೆದ್ದಿರಿ’ ಎಂದು ಬಂತು. ಆಟ ನಿಂತಿತು.

ಆಪಾ ಇನ್ನೊಮ್ಮೆ ಆಡಿದರು. ಮತ್ತೆ ನಾಣ್ಯಗಳು.

“ಹೊಳ್ಳಿ ಬರೂದ ಎಲ್ಲೈತ್ರಿ?” ಎಂದು ನನ್ನನ್ನು ಕೇಳಿದರು. ಹೆಸರಿನ ಕಡೆ ಅವರ ಕಣ್ಣು ಹೋಗಿರಲೇ ಇಲ್ಲ. “ಅರ್ಧಾಕ್ಕ ಬಿಟ್ಟಾರಲ್ರಿ ಅಕ್ಕೋರ. ಬೆಕ್ಕ ಇಲ್ಲ, ಗೂಡ ಇಲ್ಲ. ಇದರಾಗ ಆಡಾಕ ಏನ ಉಳೀತು?”

ನನಗೆ ಹೇಸಿಗೆಯಾಯಿತು. ಕದಿಯುವುದೊಂದು; ಕದ್ದದ್ದನ್ನು ಕುಲಗೆಡಿಸಿ, ಆ ಹೊಲಸು ಚಿತ್ರದೊಳಗೆ ಸುತ್ತಿ, ಮೇಲೆ ತನ್ನ ಹೆಸರು ಬರೆದುಕೊಳ್ಳುವುದು ಇನ್ನೊಂದು. ತಾಯಿಯ ತೊಡೆಯ ಮೇಲೆ ನಮೂನೆ ಬಟ್ಟೆ ನೋಡುತ್ತ ಬೆಳೆದವನು ಅವನು. ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ಬೊಂಬಾಯಿಯವರಿಗೆ ತಿಳಿಯದಿರಬಹುದು, ಅವನಿಗೆ ಪೂರ್ತಿ ತಿಳಿದಿತ್ತು.

ಇದಕ್ಕಿಂತ ಅಸಹ್ಯವಾದದ್ದನ್ನು ಜನವರಿಯಲ್ಲಿ ಕಂಡೆ. ಪತ್ರಿಕೆಯಲ್ಲಿ ‘ಸವಣೂರಿನ ಯುವಕನ ಸಾಧನೆ’ ಎಂದು ಬಂದಿತ್ತು. ಗಣರಾಜ್ಯೋತ್ಸವದ ದಿನ ಊರಿನವರು ಸೇರಿ ಅವನಿಗೆ ಸತ್ಕಾರ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ಹಾರ. ಅವನು ಕೈಮುಗಿದು ನಿಂತು ಗ್ರಂಥದ ಕನ್ನಡದಲ್ಲಿ ಹೇಳಿದ: “ಬಂಕಾಪುರದ ನವಿಲುಗಳೇ ನನಗೆ ಪ್ರೇರಣೆ. ನಮ್ಮ ತಾಯಂದಿರ ಕಸೂತಿಗೆ ನಾನು ಋಣಿ.” ಚಪ್ಪಾಳೆ ಬಿತ್ತು. ಗುದ್ಲೆಪ್ಪನೂ ಸೇರಿ ಅಂಗಡಿಯ ಮುಂದೆ ಆ ಆಟ ಆಡಿದ್ದ ಎಷ್ಟೋ ಮಂದಿ ಅಲ್ಲಿ ಕೂತಿದ್ದರು. ಅವರ ಕೈಯೂ ಚಪ್ಪಾಳೆ ತಟ್ಟಿತು. ನನ್ನ ಜೊತೆಯ ಒಬ್ಬ ಮಾಸ್ತರರಿಗೆ ಇದು ಆಪಾನ ಆಟ ಎಂದು ಹೇಳಿದೆ. “ಇರಬಹುದ್ರಿ. ಆದರ ಕಂಪನಿ ಮಾಡಿದ ಮ್ಯಾಲೆ ಅಲ್ಲೇನ್ರಿ ಅದಕ್ಕೊಂದು ಕಿಮ್ಮತ್ತು ಬಂದದ್ದು?” ಎಂದರು. ಕೊಟ್ಟ ಪೇಢೆಯನ್ನು ಬಾಯಿಗೆ ಹಾಕಲಾಗದೆ ಹೊರಗೆ ಬಂದೆ.

ಆಪಾ ಜಗಳಕ್ಕೆ ಹೋಗಲಿಲ್ಲ. ತಮ್ಮ ಆಟವನ್ನು ಮೊದಲಿನಂತೆಯೇ ಕ್ಯಾಸೆಟ್ಟಿಗೆ ಹಾಕಿ ಕೇಳಿದವರಿಗೆ ಕೊಡುತ್ತ ಹೋದರು. ಡಬ್ಬಿ ಕೊಂಡು ನಾಣ್ಯದ ಮಳೆ ನೋಡಿ ಬೇಸತ್ತ ಹುಬ್ಬಳ್ಳಿಯ ಮಂದಿ, ಸವಣೂರಿನಲ್ಲಿ ಪೂರ್ತಿ ಆಟ ಸಿಗುತ್ತದೆಂದು ಕೇಳಿ ಹುಡುಕಿಕೊಂಡು ಬರತೊಡಗಿದರು. ಕಂಪನಿಗೆ ಅದು ಸಹಿಸಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಂಪನಿಯ ಹುಬ್ಬಳ್ಳಿಯ ಏಜೆಂಟ ಪೊಲೀಸರನ್ನು ಕರೆದುಕೊಂಡು ಬಂದ. ಕಳ್ಳ ಕ್ಯಾಸೆಟ್ಟುಗಳ ಕಾನೂನು ಬಿಗಿಯಾಗಿದ್ದ ಕಾಲ. ನಮ್ಮ ಆಟವನ್ನು ಈ ಅಂಗಡಿಯವರು ನಕಲು ಮಾಡಿ ಮಾರುತ್ತಿದ್ದಾರೆಂದು ಕಂಪನಿ ಫಿರ್ಯಾದಿ ಕೊಟ್ಟಿತ್ತು. ಕಂಪ್ಯೂಟರ್, ಟೇಪ್ ರೆಕಾರ್ಡರ್, ಇದ್ದ ಕ್ಯಾಸೆಟ್ಟುಗಳೆಲ್ಲ ಚೀಲಕ್ಕೆ ಹೋದವು. ಎರಡನೆಯ ಆಟ ಅರ್ಧ ಬರೆದಿದ್ದ ಕ್ಯಾಸೆಟ್ಟೂ ಅದರಲ್ಲೇ ಹೋಯಿತು. ಖಲಂದರನನ್ನು ಸಂಜೆಯವರೆಗೆ ಕೂಡಿಸಿಕೊಂಡು ಜಾಮೀನಿನ ಮೇಲೆ ಬಿಟ್ಟರು. ನಾನು ಶಾಲೆಯಿಂದ ಓಡಿಬಂದಾಗ ಓಣಿಯ ತುಂಬ ಜನ.

ಗುದ್ಲೆಪ್ಪ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ: “ನವಲ ಹಿಡಿಯೂದ ಗುನ್ಹೆ ಅಂತ ಕೇಳಿದ್ದೆ. ನವಲನ್ನ ಮನಿ ಮುಟ್ಟಸೂದೂ ಗುನ್ಹೆ ಆತಲ್ಲೋ ಯಪ್ಪಾ!”

“ಹಾರ ಹಾಕೂ ಮುಂದ ನೀನೂ ಚಪ್ಪಾಳಿ ಬಡಿದಿ. ಈಗ ಬಾಯಿ ಬಂತೇನು?” ಎಂದಳು ಖಾರದ ಅಂಗಡಿಯ ಅನ್ನವ್ವ. ಅವನು ಪೆಂಡಿ ಎತ್ತಿಕೊಂಡು ನಡೆದ.

ಮೇ ತಿಂಗಳಲ್ಲಿ ಪ್ರಾಣೇಶ ಮತ್ತೆ ಊರಿಗೆ ಬಂದ. ರಾಜಿ ಮಾಡಿಕೊಳ್ಳೋಣವೆಂದು ಹೇಳಿಕಳಿಸಿದ. ಆಪಾ, ಖಲಂದರ, ಇಂಗ್ಲಿಷ್ ಕಾಗದ ಓದಲೆಂದು ನಾನು, ಮೂವರೂ ಕೃಷ್ಣಾಬಾಯಿಯವರ ಮನೆಗೆ ಹೋದೆವು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಕೃಷ್ಣಾಬಾಯಿ ಕಂಬಕ್ಕೆ ಆತು ಹೂಬತ್ತಿ ಹೊಸೆಯುತ್ತ ಕೂತಿದ್ದರು.

“ಕೂಡ್ರಿ ಆಪಾ. ನಮ್ಮ ನಮ್ಮೊಳಗಿನ ವಿಷಯ ಇದು. ಕೋರ್ಟು ಕಚೇರಿ ಅಂತ ಯಾಕ ಅಡ್ಡಾಡ್ಬೇಕು?” ಎಂದ ಪ್ರಾಣೇಶ.

“ಕೋರ್ಟಿಗೆ ಎಳದವರು ನೀವ ಅಲ್ಲೇನ್ರಿ?” ಎಂದ ಖಲಂದರ.

“ನಾ ಅಲ್ಲ, ಕಂಪನಿ. ಅಲ್ಲೆ ನಾ ಭಾಳ ಸಣ್ಣಾಂವ. ನನ್ನ ಮಾತು ನಡೆಯಂಗಿಲ್ಲ.”

ಜನವರಿಯಲ್ಲಿ ಹಾರ ಹಾಕಿಸಿಕೊಳ್ಳುವಾಗ ಅವನು ಸಣ್ಣವನಾಗಿರಲಿಲ್ಲ.

ಆಪಾ ಕೇಳಬೇಕೆಂದು ಬಂದದ್ದನ್ನೇ ಮೊದಲು ಕೇಳಿದರು: “ಹೊಳ್ಳಿ ಬರೂದನ್ನ ಯಾಕ ತಗದ್ರಿ?”

ಅವನು ನಕ್ಕ. ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದ: “ತಗದಿಲ್ಲ ಆಪಾ. ಎರಡನೇ ಕ್ಯಾಸೆಟ್‌ನ್ಯಾಗ ಬರ್ತದ. ಎಲ್ಲಾ ಒಂದರಾಗ ಕೊಟ್ರ ಮಂದಿ ಮತ್ತೊಂದು ಯಾಕ ತೊಗೋತಾರ? ಮೊದಲು ಹೋಗೂದು ಮಾರೋದು, ಆಮ್ಯಾಲೆ ಬರೂದು ಮಾರೋದು. ವ್ಯಾಪಾರ ಅಂದ್ರ ಹಂಗ.”

“ಅಲ್ಲೀತನಾ ನವಲು?”

“ಅಲ್ಲೇ ನಿಂತಿರ್ತದ. ದೀಪಾವಳಿಗೆ ಬಿಡ್ತೀವಿ.”

ಆಪಾ ಅವನ ಮುಖವನ್ನೇ ನೋಡಿದರು. ಬಟ್ಟೆಯ ಅಡಿಭಾಗ ತಿರುವಿ ನೋಡುವಾಗ ಅವರು ಹಾಗೆ ನೋಡುತ್ತಿದ್ದರು. “ಅರ್ಧಾ ಹೊಲದ ಸೀರಿ ಕೊಟ್ಟು, ಉಳದದ್ದಕ್ಕ ದೀಪಾವಳಿಗೆ ರೊಕ್ಕ ತಾ ಅಂದ್ರ ನಿಮ್ಮವ್ವ ನನ್ನ ಬಾಗಲದೊಳಗ ಬಿಡ್ತಿದ್ರೇನು?” ಎಂದರು. ಬತ್ತಿ ಹೊಸೆಯುತ್ತಿದ್ದ ಕೃಷ್ಣಾಬಾಯಿಯ ಕೈ ನಿಂತಿತು, ಮತ್ತೆ ಹೊಸೆಯತೊಡಗಿತು.

ಪ್ರಾಣೇಶ ಕಾಗದ ಮುಂದಿಟ್ಟ. ಇಂಗ್ಲಿಷಿನಲ್ಲಿ ಟೈಪು ಮಾಡಿತ್ತು. ನಾನು ಓದಿ ಹೇಳಿದೆ. ಈ ಆಟ ಕಂಪನಿಯದು; ನಾವು ಅದನ್ನು ತಿಳಿದೂ ನಕಲು ಮಾಡಿದ್ದೇವೆ; ಇದಕ್ಕಾಗಿ ಕ್ಷಮೆ ಕೇಳುತ್ತೇವೆ; ಇನ್ನು ಮುಂದೆ ಯಾವ ಆಟವನ್ನೂ ಮಾಡುವುದಿಲ್ಲ, ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಇಷ್ಟಕ್ಕೆ ಅಕ್ಕ ತಮ್ಮ ಇಬ್ಬರೂ ಸಹಿ ಹಾಕಿದರೆ ಕಂಪನಿ ಫಿರ್ಯಾದಿ ಹಿಂದೆ ತೆಗೆದುಕೊಳ್ಳುತ್ತದೆ, ಯಂತ್ರ ಮನೆಗೆ ಬರುತ್ತದೆ.

ಮನೆಯಲ್ಲಿ ಅಕ್ಕತಮ್ಮಂದಿರು ಉರ್ದು ಮಾತಾಡುತ್ತಿದ್ದರು. ಆ ದಿನ ಎಲ್ಲರಿಗೂ ಕೇಳಲಿ ಎಂದೋ ಏನೋ ಕನ್ನಡದಲ್ಲೇ ಜಗಳಾಡಿದರು.

“ಸಹಿ ಮಾಡಿಬಿಡು ಆಪಾ. ಅಂಗಡಿ ತಗೀಬೇಕು ನಾನು. ಕಳ್ಳಮಾಲಿನ ಅಂಗಡಿ ಅಂತ ಮಂದಿ ರೇಡಿಯೋ ಸುದ್ದಾ ತರವಲ್ರು. ಹೆಸರ ತೊಗೊಂಡು ಉಪ್ಪಿನಕಾಯಿ ಹಾಕ್ತಿ ಏನ?”

“ಹೆಸರ ಯಾರ ಕೇಳ್ಯಾರೋ? ಅವರ ಹೆಸರ ಅವರ ಹಾಕ್ಕೊಂಡ ಹಾಳಾಗಿ ಹೋಗ್ಲಿ. ನಾ ಕದ್ದೇನಿ ಅಂತ ಬರದಾರ ಇದರಾಗ. ನಾ ಕದ್ದಿಲ್ಲ. ಇನ್ನ ಮಾಡಬಾರದು ಅಂತ ಬರದಾರ. ಮಾಡಾಕ ಬಿಡಲಿಲ್ಲಂದ್ರ ಮಷೀನ್ ತೊಗೊಂಡು ಕಪಾಟಿನಾಗ ಇಟ್ಟು ಪೂಜಿ ಮಾಡ್ಲೇನು?”

ಆಪಾ ಕೃಷ್ಣಾಬಾಯಿಯ ಕಡೆ ಹೊರಳಿದರು. “ಬಾಯಾರ, ನೀವ ಹೇಳ್ರಿ. ಆ ನವಲನ್ನ ನೀವ ನನಗ ಕಲಿಸಿದ್ರಿ. ಕ್ಯಾಸೆಟ್ ಕೊಟ್ಟಾಗ ನೀವ ನಿಂತಿದ್ರಿ. ನಾ ನಿಮ್ಮ ಮಗನ ಆಟಾ ಕದ್ದೇನೇನ್ರಿ?”

ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗ ಅಲ್ಲೇ ಕರಗಿಹೋಗುತ್ತಿದ್ದ. ಕೃಷ್ಣಾಬಾಯಿ ಬತ್ತಿಯನ್ನು ಬಟ್ಟಲಿಗೆ ಹಾಕಿ, ಅಂಗಳದ ಬೃಂದಾವನದ ಕಡೆ ನೋಡುತ್ತ ಹೇಳಿದರು: “ನನಗ ಈ ಟಿ.ವಿ. ಸುದ್ದಿ ಏನೂ ತಿಳಿಯಂಗಿಲ್ಲವಾ ಮುನವ್ವರಾ. ಅವನಿಗೂ ನೌಕರಿ ಅದ, ಹೆಂಡ್ತಿ ಮಕ್ಕಳಿದ್ದಾರ. ನೀ ಶ್ಯಾಣ್ಯಾಕಿ ಇದ್ದೀ, ಹೊಂದಿಸ್ಕೊಂಡು ಹೋಗು.”

ಕಂಪನಿಯ ಲಾಭಕೋರತನ ನನಗೆ ಅರ್ಥವಾಗುತ್ತದೆ. ಕಂಪನಿಗೆ ಮುಖವಿಲ್ಲ. ಆದರೆ ಕೈಹಿಡಿದು ಎಳೆ ಎಣಿಸಲು ಕಲಿಸಿದ ಹೆಂಗಸು, ದಿನವೂ ದೇವರಿಗೆ ದೀಪ ಹಚ್ಚುವ ಹೆಂಗಸು, ಅಷ್ಟು ಮೆತ್ತಗಿನ ದನಿಯಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಹೇಳಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಪಾ ಎದ್ದರು. “ಸಹಿ ಹಾಕಂಗಿಲ್ರಿ ಪ್ರಾಣೇಶಾರ. ಬಾಯಾರ, ನೀವು ಮತ್ತ ಒಯ್ದ ನನ್ನ ನಮೂನಿ ಬಟ್ಟಿ ನಿಮ್ಮ ಹಂತ್ಯಾಕ ಐತಿ. ಕೊಡ್ರಿ.” ಕೃಷ್ಣಾಬಾಯಿ ಒಳಗಿನಿಂದ ತಂದು ಕೊಟ್ಟರು. ಹೊಸದೊಂದು ಹೊಲಿಗೆಯೂ ಅದರಲ್ಲಿ ಬಿದ್ದಿರಲಿಲ್ಲ. ಆಪಾ ಅದನ್ನು ಬಿಡಿಸಿ ನೋಡಿ, ಮಡಚಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ಖಲಂದರ ಸಿಟ್ಟಿನಿಂದ ಮುಂದೆ ಮುಂದೆ ನಡೆದ. ಸಹಿ ಮಾತ್ರ ಅವನೂ ಹಾಕಲಿಲ್ಲ.

ಶಿಗ್ಗಾವಿಯ ಕೋರ್ಟಿಗೆ ಅಡ್ಡಾಡುವುದು ಶುರುವಾಯಿತು. ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದ ಮಾಲಕ, ಪೊಲೀಸರು ಬಂದ ಮಳಿಗೆ ಎಂಬ ಹೆಸರು ತನಗೆ ಬೇಡವೆಂದು ಖಾಲಿ ಮಾಡಿಸಿದ. ಎಂಬತ್ತೆಂಟರ ಕೊನೆಯ ಹೊತ್ತಿಗೆ ಕಂಪನಿಯವರು ತಾರೀಖಿಗೆ ಬರುವುದನ್ನೇ ಬಿಟ್ಟರು. ಅಷ್ಟರಲ್ಲಿ ಅವರು ಕ್ಯಾಸೆಟ್ಟಿನ ಆಟ ನಿಲ್ಲಿಸಿ, ಹೊರದೇಶದಿಂದ ತರಿಸಿದ ಸಿದ್ಧ ಆಟದ ಡಬ್ಬಿಗಳಿಗೆ ತಮ್ಮ ಚೀಟಿ ಅಂಟಿಸಿ ಮಾರತೊಡಗಿದ್ದರು. ಎರಡನೆಯ ಕ್ಯಾಸೆಟ್ ಬರಲೇ ಇಲ್ಲ. ದುಡ್ಡು ಕೊಟ್ಟು ಮೊದಲನೆಯದನ್ನು ಕೊಂಡವರಿಗೆ ಆ ಆಟಕ್ಕೊಂದು ಹಿಂದಿರುಗುವ ದಾರಿ ಇತ್ತೆಂಬುದೇ ಗೊತ್ತಿಲ್ಲ. ಪ್ರಾಣೇಶನಿಗೆ ಬಡ್ತಿಯಾಗಿದೆ ಎಂದು ಕೇಳಿದೆ. ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಓದಿದೆ, ಹೊರದೇಶಗಳಲ್ಲಿಯೂ ಮನೆಯ ಮೂಲೆಯಲ್ಲಿ ಕೂತು ಒಬ್ಬೊಬ್ಬರೇ ಆಟ ಬರೆಯುವವರಿದ್ದಾರಂತೆ, ಅಲ್ಲಿಯೂ ಮಾರುವ ದೊಡ್ಡವರು ಬರೆದವರ ಹೆಸರನ್ನು ನುಂಗಿದ್ದುಂಟಂತೆ. ಓದಿ ಸಮಾಧಾನವೇನೂ ಆಗಲಿಲ್ಲ. ಹೊಲಸು ಎಲ್ಲ ಕಡೆ ಇದೆ ಎಂದರೆ ಅದು ಹೊಲಸಲ್ಲ ಎಂದಾಗುವುದಿಲ್ಲ.

ಪ್ರಕರಣ ವಜಾ ಆಗಿ ಯಂತ್ರ ಕೈಗೆ ಬಂತು, ಹಚ್ಚಿದರೆ ಹತ್ತಲಿಲ್ಲ. ಖಲಂದರ ಬಿಚ್ಚಿ ನೋಡಿದ. ಒಳಗಿನ ಮುಖ್ಯ ಬಿಡಿಭಾಗವೇ ಸತ್ತಿತ್ತು. ಅಂಥದ್ದು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ದುಬೈಯಿಂದ ಇನ್ನೊಂದು ತರಿಸೋಣ ಎಂದೆ. ಆಪಾ ಬೇಡವೆಂದರು. “ಮಾಡೂದು ನಾನು, ಮಾಡಿದ್ದನ್ನ ಕಳ್ಳರಿಂದ ಕಾಯೂದು ಯಾರ್ರಿ ಅಕ್ಕೋರ?” ಎಂದರು.

ಮುನವ್ವರಾ ಆಪಾ ಈಗ ಹಾನಗಲ್ಲಿನಲ್ಲಿದ್ದಾರೆ. ತಮ್ಮನೊಂದಿಗೆ ಅಲ್ಲಿ ಸಣ್ಣ ಮಳಿಗೆ ಹಿಡಿದು ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಾರೆ. ಆಟ ಮಾಡುವುದನ್ನು ಬಿಟ್ಟಿದ್ದಾರೆ.